ಮಂತ್ರವಾದಿಯ ಜೋಳಿಗೆ

ಮಕ್ಕಳೇ, ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ದಾಳ ಉರುಳಿಸುತ್ತ, ನಾಲ್ಕಾರು ಜನ ಸೇರಿ ಬಾಯಲ್ಲೇ ಕಥೆ ಕಟ್ಟುವ ಆಟವದು. ಅದರಲ್ಲಿ ನನಗೆ ಇಷ್ಟವಾದವನು ಮಂತ್ರವಾದಿ.

ಅವನ ಪಾಡು ಕೇಳಿ. ಹಳೆಯ ನಿಯಮದಂತೆ ಹೊಸ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ! ಪುಸ್ತಕ ನೋಡಿ ಬಾಯಿಪಾಠ ಮಾಡಬೇಕು. ಒಮ್ಮೆ ಪ್ರಯೋಗಿಸಿದರೆ ಮರೆತೇ ಹೋಗುತ್ತದೆ. ಕಲಿಕೆಗೂ ಮಿತಿಯಿದೆ. 1978ರ ನಿಯಮಪುಸ್ತಕದ ಪ್ರಕಾರ, ಬುದ್ಧಿಯ ಅಂಕ 9 ಇದ್ದವನು ಪ್ರತಿ ಹಂತದಲ್ಲಿ ಹೆಚ್ಚೆಂದರೆ 6 ಮಂತ್ರ ಕಲಿಯಬಲ್ಲ. 18 ಇದ್ದವನು 18. ಶತ್ರುವನ್ನು ಮಲಗಿಸುವ ಮಂತ್ರವೋ, ಕತ್ತಲಲ್ಲಿ ಬೆಳಕು ಕೊಡುವ ಮಂತ್ರವೋ? ಗುಹೆಯೊಳಗೆ ಏನಿದೆಯೋ ತಿಳಿಯದೆ ಬೆಳಗ್ಗೆಯೇ ಆರಿಸಿಕೊಳ್ಳಬೇಕು.

ಮರೆತರೂ ಅವನಿಗೆ ಚಿಂತೆಯಿಲ್ಲ, ಪುಸ್ತಕವಿದೆ. ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಅಜ್ಜಿಯರ ಸೋಬಾನೆ ಪದ, ಬೀಸುವ ಹಾಡು, ಒಗಟುಗಳಲ್ಲಿ ಎಷ್ಟೋ ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜಿ ಮರೆತರೆ ಮುಗಿಯಿತು.

ಹಾಗೆಂದು ಎಲ್ಲವನ್ನೂ ಒಮ್ಮೆಲೇ ಕಲಿಯಲು ಯಾರಿಂದಾದೀತು? ಹಿರೇಕೆರೂರು ಸೀಮೆಯ ಅಬಲೂರಿನವನೆಂದು ಜನ ನಂಬುವ ಸರ್ವಜ್ಞನ ಹೆಸರಿಗೆ ‘ಎಲ್ಲ ಬಲ್ಲವನು’ ಎಂದರ್ಥ. ಅವನೂ ಹೇಳಬೇಕಾದ್ದನ್ನು ಮೂರೇ ಸಾಲಿನ ತ್ರಿಪದಿಯಲ್ಲಿ ಹಿಡಿದಿಟ್ಟ. ಅದಕ್ಕೇ ಅದು ನಾಲಿಗೆಯ ಮೇಲೆ ಉಳಿಯಿತು.

ಆದ್ದರಿಂದ ನಾನು ಹೇಳುವುದಿಷ್ಟೆ: ಈ ಭಾನುವಾರ ಅಜ್ಜಿಯ ಪಕ್ಕ ಕೂತು ಒಂದೇ ಒಂದು ಹಾಡು ಆರಿಸಿ, ಪೂರ್ತಿ ಕಲಿಯಿರಿ. ಅಜ್ಜಿಯರೇ, ಯಾವುದನ್ನು ಮೊದಲು ಕೊಡಬೇಕೆಂದು ನೀವೂ ಯೋಚಿಸಿಡಿ. ಆಟದ ಮಂತ್ರ ಒಮ್ಮೆ ಹೇಳಿದರೆ ಮರೆಯುತ್ತದೆ. ಹಾಡು ಹಾಡಿದಷ್ಟೂ ಗಟ್ಟಿಯಾಗುತ್ತದೆ.