ಜೂಜಿಗೊಂದು ಬಾಬ್ತು

ಲಾಸ್ ವೇಗಸ್ಸಿಗೆ ಹೋಗುವುದೇ ತಪ್ಪು ಎಂದು ನಾನು ಹೇಳುವವನಲ್ಲ. ಕ್ಯಾಲಿಫೋರ್ನಿಯದಲ್ಲಿ ಮಗನೋ ಮಗಳೋ ಇರುವ ನಮ್ಮ ಓರಗೆಯವರು ಎಷ್ಟೋ ಜನ ಆ ಊರಿನ ದೀಪಗಳನ್ನು ನೋಡಿಕೊಂಡೇ ಬಂದಿದ್ದಾರೆ. ಎರಡು ರಾತ್ರಿ ಇದ್ದು ಬರಲಿ, ಸಂತೋಷ. ನನ್ನ ತಕರಾರು ಇರುವುದು ನನ್ನ ಮಗ ಕಂಪ್ಯೂಟರಿನಲ್ಲಿ ತಯಾರಿಸಿ ನಮ್ಮ ಮುಂದೆ ಹಿಡಿದ ಮೂರು ವಾರಗಳ ರಜೆಯ ಬಜೆಟ್ಟಿನ ಬಗ್ಗೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದವನ ಕಣ್ಣಿಗೆ ಅದರಲ್ಲಿ ಮೊದಲು ಬಿದ್ದದ್ದು 'ಜೂಜು: ದಿನಕ್ಕೆ 50 ಡಾಲರ್' ಎಂಬ ಸಾಲು. ಊಟ, ವಸತಿ, ಬಾಡಿಗೆ ಕಾರುಗಳ ನಡುವೆ ಅದೂ ಒಂದು ಬಾಬ್ತಾಗಿ ಮರ್ಯಾದಸ್ಥರಂತೆ ಕೂತಿತ್ತು.

"ಸಿನಿಮಾ ಟಿಕೇಟು ಕೊಂಡಂತೆ ಅಪ್ಪಾ. ಇಷ್ಟು ಹೋಗುತ್ತದೆ ಎಂದು ಮೊದಲೇ ಬರೆದಿಟ್ಟರೆ ನಷ್ಟ ಎಂಬ ಮಾತೇ ಇಲ್ಲ" ಎಂದ. ಈ ಉಪದೇಶವನ್ನು ಈಗ ಎಲ್ಲರೂ ಮಾಡುತ್ತಾರೆ. ನಾನು ಜಗಳ ತೆಗೆಯುವುದು ಇಲ್ಲೇ. ಸಿನಿಮಾ ಮುಗಿದ ಮೇಲೆ ದೀಪ ಹಾಕಿ ನಮ್ಮನ್ನು ಹೊರಗೆ ಕಳಿಸುತ್ತಾರೆ. ನೆವಾಡದಲ್ಲಿ 1931ರಲ್ಲಿ ಜೂಜು ಕಾನೂನುಬದ್ಧವಾದ ಮೇಲೆ ಆ ಮರುಭೂಮಿಯಲ್ಲಿ ಬೆಳೆದ ಉದ್ಯಮವೋ, ಹೊರಗೆ ಕಳಿಸದಿರುವ ವಿದ್ಯೆಯ ಮೇಲೆಯೇ ನಿಂತಿದೆ. ಆಡುತ್ತ ಕೂತವರಿಗೆ ಪಾನೀಯ ಬಿಟ್ಟಿಯಾಗಿ ಬರುವುದು ಅತಿಥಿಸತ್ಕಾರವೆಂದು ತಿಳಿದಿರಾ?

ಲೆಕ್ಕವನ್ನೇ ನೋಡಿ. ಅಮೆರಿಕದ ಮಾಮೂಲಿ ರೂಲೆಟ್ ಚಕ್ರದಲ್ಲಿ 38 ಮನೆ: 1ರಿಂದ 36, ಜೊತೆಗೆ ಸೊನ್ನೆಯ ಮನೆಗಳು ಎರಡು. ನೀವು ಹಿಡಿದ ಸಂಖ್ಯೆ ಬಿದ್ದರೆ ಕೊಡುವುದು 35 ಪಟ್ಟು ಮಾತ್ರ. ಆ ಎರಡು ಸೊನ್ನೆಗಳೇ ಮಾಲೀಕನ ಅನ್ನ, ಶೇಕಡಾ 5.26. ಇದು ನೀವು ಜೇಬಿನಲ್ಲಿ ತಂದ ಹಣದ ಮೇಲಲ್ಲ, ಹೂಡಿದ ಪ್ರತಿಯೊಂದು ಪಣದ ಮೇಲೆ. ವಿದ್ಯಾವಂತರು ಎಡವುವುದು ಇಲ್ಲಿ. ಸಲಕ್ಕೆ 10 ಡಾಲರಿನಂತೆ ಗಂಟೆಗೆ 40 ಸಲ, ದಿನಕ್ಕೆ ನಾಲ್ಕು ಗಂಟೆ ಆಡಿದಿರೆನ್ನಿ. ಮೇಜಿನ ಮೇಲೆ ಹೊರಳಿದ್ದು 1,600 ಡಾಲರ್, ಸರಾಸರಿ ಹೋದದ್ದು 84. ಇಪ್ಪತ್ತೊಂದು ದಿನಕ್ಕೆ 1,768. ಎರಡು ರಾತ್ರಿಯವನಿಗೆ ಅದೃಷ್ಟ ಎಂಬುದೊಂದು ಇದ್ದೀತು. ಮೂರು ವಾರದವನಿಗೆ ಉಳಿಯುವುದು ಬರೀ ಶೇಕಡಾವಾರು. ಬ್ಲ್ಯಾಕ್‌ಜ್ಯಾಕಿನಲ್ಲಿ ನಷ್ಟ ಕಡಿಮೆ ಎನ್ನುವವರು ಮೇಜಿನ ಬಟ್ಟೆಯ ಮೇಲಿನ ಅಕ್ಷರ ಓದಬೇಕು. ಕಡಿಮೆ ಪಣದ ಮೇಜುಗಳಲ್ಲಿ ಬಹಳಷ್ಟು ಕಡೆ ಈಗ 2ಕ್ಕೆ 3ರ ಬದಲು 5ಕ್ಕೆ 6 ಕೊಡುತ್ತಾರೆ. 10 ಡಾಲರಿಗೆ 15 ಬರಬೇಕಾದಲ್ಲಿ 12. ಇನ್ನು ಸ್ಲಾಟ್ ಯಂತ್ರದಲ್ಲಿ ದೊಡ್ಡ ಮೊತ್ತ ಗೆದ್ದರೋ, ನಮ್ಮಂಥ ಪರದೇಶದ ಪ್ರವಾಸಿಗಳಿಂದ ಶೇ. 30 ತೆರಿಗೆ ಮುರಿದುಕೊಳ್ಳುತ್ತಾರೆ.

ವಸತಿಯ ಬಾಬ್ತೂ ಹೀಗೆಯೇ. ಮಗ ಹಿಡಿದಿದ್ದದ್ದು ಮಂಗಳವಾರದ ದರ. ಮೂರು ವಾರಕ್ಕೆ ಮೂರು ಶುಕ್ರವಾರ, ಮೂರು ಶನಿವಾರ ಬರುತ್ತವೆಂಬುದು ಇಂಜಿನಿಯರಿಗೆ ಹೊಳೆದಿರಲಿಲ್ಲ. ಜೊತೆಗೆ 'ರೆಸಾರ್ಟ್ ಶುಲ್ಕ'. ದರದೊಳಗೇ ಅದನ್ನು ಸೇರಿಸಿ ತೋರಿಸಬೇಕೆಂದು ಅಮೆರಿಕದ ಕೇಂದ್ರ ಸರ್ಕಾರ 2025ರ ಮೇ ತಿಂಗಳಿಂದ ನಿಯಮ ತಂದಿದೆ. ತೋರಿಸಬೇಕು, ಅಷ್ಟೆ, ಕೀಳಬಾರದು ಎಂದೇನಿಲ್ಲ. ಅದೂ ಅವನು ಆರಿಸಿದ್ದು ಜುಲೈ ತಿಂಗಳು. 2024ರ ಜುಲೈ 7ರಂದು ಅಲ್ಲಿ ಸುಮಾರು 49 ಡಿಗ್ರಿ ಸೆಲ್ಸಿಯಸ್ ಬಿಸಿಲು ಬಿದ್ದಿತ್ತು. ಹೊರಗೆ ಕಾಲಿಡುವಂತಿಲ್ಲ, ತಂಪಾಗಿರುವುದು ಒಳಗೆ. ಒಳಗೆ ಏನಿದೆ?

ಇಷ್ಟು ಕಟುವಾಗಿ ಬರೆಯುತ್ತಿರುವುದು ಡಾಲರಿನ ಚಿಂತೆಯಿಂದಲ್ಲ. ನನ್ನ ಚಿಕ್ಕಪ್ಪನೂ ಲೆಕ್ಕದ ಮನುಷ್ಯ. ಕೆಂಪು ರಟ್ಟಿನ ಪುಸ್ತಕದಲ್ಲಿ ಪ್ರತಿ ತಿಂಗಳೂ 'ಕ್ಲಬ್ಬು: 40 ರೂ.' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದ. ತಿಂಗಳ ನಡುವೆ ಅದು ಮುಗಿದರೆ ಮುಂದಿನ ತಿಂಗಳದ್ದನ್ನು ಮುಂಗಡ ತೆಗೆದು, ಅದನ್ನೂ ಬರೆಯುತ್ತಿದ್ದ. ಬರೆದಿದ್ದೇನಲ್ಲ ಎಂಬ ಧೈರ್ಯ! ಎರಡೆಕರೆ ಅಡಿಕೆ ತೋಟ ಕೈಬಿಟ್ಟ ದಿನ ಚಿಕ್ಕಮ್ಮ ಆ ಪುಸ್ತಕ ತೆಗೆದು ನೋಡಿದಳು. ಒಂದು ಚಿತ್ತಿರಲಿಲ್ಲ, ಒಂದು ಕಾಸಿನ ವ್ಯತ್ಯಾಸವಿರಲಿಲ್ಲ. ಮಗನಿಗೆ ಇದನ್ನು ಹೇಳಿದಾಗ, "ಅವರಿಗೆ ತಡೆ ಹಾಕುವವರು ಇರಲಿಲ್ಲ, ನನ್ನ ಕಾರ್ಡಿಗೆ ಮಿತಿ ಇದೆ" ಎಂದ. ಮಿತಿಯನ್ನು ಏರಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಮಾತಾಡಲಿಲ್ಲ.

ಕೊನೆಗೆ ಒಂದು ರಾಜಿಯಾಯಿತು. ಜುಲೈ ಹೋಗಿ ಅಕ್ಟೋಬರ್ ಬಂತು, ಮೂರು ವಾರ ಒಂದು ವಾರವಾಯಿತು. ತಂಗುವುದು ಲಾಸ್ ವೇಗಸ್ಸಿನಿಂದ ಸುಮಾರು 40 ಕಿ.ಮೀ. ದೂರದ ಬೌಲ್ಡರ್ ಸಿಟಿಯಲ್ಲಿ. ಹೂವರ್ ಅಣೆಕಟ್ಟು ಕಟ್ಟುವ ಕೆಲಸಗಾರರಿಗಾಗಿ 1931ರಲ್ಲಿ ಎದ್ದ ಊರು ಅದು; ನೆವಾಡದೊಳಗೇ ಇದ್ದರೂ ಅಲ್ಲಿ ಜೂಜಿಗೆ ನಿಷೇಧ, ಇವತ್ತಿಗೂ. ಅಣೆಕಟ್ಟು ನೋಡುವುದು, ಮೀಡ್ ಸರೋವರ ನೋಡುವುದು, ಒಂದು ಸಂಜೆ ಮಾತ್ರ ಹೋಗಿ ದೀಪ ನೋಡಿಕೊಂಡು ಬರುವುದು ಎಂದು ತೀರ್ಮಾನ. 50 ಡಾಲರಿನ ಸಾಲು ಮಾತ್ರ ಬಜೆಟ್ಟಿನಲ್ಲಿ ಹಾಗೇ ಇದೆ. ಆ ಒಂದು ಸಂಜೆಗೆ ಇರಲಿ ಎನ್ನುತ್ತಾನೆ. ಅಳಿಸು ಎಂದು ನಿನ್ನೆಯೂ ಫೋನಿನಲ್ಲಿ ಹೇಳಿದೆ.