ಬೈಕಿನ ಜಿಡ್ಡು ಕಾಲುವೆಗೆ ಬೇಡ

ಮಹಾನವಮಿಯ ಖಂಡೆ ಪೂಜೆ ಹತ್ತಿರ ಬಂತೆಂದರೆ ವಿಜಯಪುರ ಜಿಲ್ಲೆಯಲ್ಲಿ ಬೈಕುಗಳು ನೀರಿನ ದಂಡೆಗೆ ಹೊರಡುತ್ತವೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಆಲಮಟ್ಟಿ ಎಡದಂಡೆ ಕಾಲುವೆ. ಸಿಂದಗಿ, ಇಂಡಿಯವರಿಗೆ ನಾರಾಯಣಪುರದ ನೀರು ತರುವ ಇಂಡಿ ಶಾಖಾ ಕಾಲುವೆ. ಇನ್ನೂ ಉತ್ತರಕ್ಕೆ ಭೀಮೆಯ ದಡ. ಚೈನಿಗೆ ಚಿಮಣಿ ಎಣ್ಣೆಯನ್ನೋ ಡೀಸೆಲ್ಲನ್ನೋ ಸುರಿದು, ಬ್ರಷ್ಷಿನಿಂದ ತಿಕ್ಕಿ, ಇಳಿದ ಕರಿ ಜಿಡ್ಡನ್ನು ನೀರಿಗೇ ಬಿಡುವುದು ರೂಢಿ. ಇದು ನಿಲ್ಲಬೇಕು. ಬೈಕಿನ ಜಿಡ್ಡು ತೆಗೆಯಲು ಮನೆಯಂಗಳ, ಎರಡು ಬಕೆಟ್ ನೀರು, ಕೆಳಗಿಡಲು ಒಂದು ಹಳೆಯ ಪರಾತ ಸಾಕು.

ರೂಢಿಯ ಬೇರು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಕಾರ ಹುಣ್ಣಿಮೆಗೆ ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈತೊಳೆದ ಸೀಮೆ ಇದು. ಎತ್ತಿನ ಮೈಮೇಲಿನ ಸಗಣಿ, ಮಣ್ಣು ಹರಿದು ಹೊಲ ಸೇರಿದರೂ ಗೊಬ್ಬರವೇ. ಬೈಕಿನ ಜಿಡ್ಡಿನ ಸ್ವಭಾವ ಬೇರೆ. ಅದರಲ್ಲಿ ಎಂಜಿನ್ ಆಯಿಲ್, ಗ್ರೀಸ್, ಸವೆದ ಲೋಹದ ಪುಡಿ ಎಲ್ಲ ಇರುತ್ತದೆ. ನೀರಿನಲ್ಲಿ ಕರಗದೆ ಮೇಲೆ ತೆಳ್ಳಗೆ ಹರಡಿ, ಗಾಳಿಯ ಆಮ್ಲಜನಕ ನೀರಿಗಿಳಿಯದಂತೆ ತಡೆಯುತ್ತದೆ. ಒಂದು ಸಲ ಬದಲಿಸಿದ ಎಂಜಿನ್ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಅದು ಕಾರಿನ ಲೆಕ್ಕ. ನೂರು ಸಿಸಿ ಬೈಕಿನಲ್ಲಿರುವುದು ಸುಮಾರು ಒಂದು ಲೀಟರ್. ಆದರೆ ಇಲ್ಲಿ ಕಾಲುವೆಯ ನೀರೇ ಕೆರೆ ತುಂಬುತ್ತದೆ, ಅದೇ ನೀರು ದನಗಳಿಗೆ, ಎಷ್ಟೋ ಊರುಗಳಲ್ಲಿ ಜನರಿಗೂ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಜಿಲ್ಲೆ, ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟಲೆಂದು ರೈತರು ಧರಣಿ ಕೂರುವ ಜಿಲ್ಲೆ ಇದು.

ಹಾಗೆಂದು ಬೈಕು ತೊಳೆಯದೆ ಇಲ್ಲಿ ವಿಧಿಯಿಲ್ಲ. ಡೋಣಿ ದಂಡೆಯ ಎರಿ ಮಣ್ಣು ನೀರು ಕುಡಿದು ಉಬ್ಬುವ ಜೇಡಿ. ಮಳೆಗಾಲದಲ್ಲಿ ಮಡ್‌ಗಾರ್ಡಿಗೆ ಮೆತ್ತಿ ಗಾಲಿಯನ್ನೇ ತಿರುಗದಂತೆ ಹಿಡಿಯುತ್ತದೆ. ಸವಾರರು ಇಳಿದು ಕಟ್ಟಿಗೆಯಿಂದ ಕೆದಕಬೇಕು. ಒಣಗಿದರೆ ಕಲ್ಲು. ಚೈನಿನ ಎಣ್ಣೆಯಲ್ಲಿ ಈ ಮಣ್ಣು ಬೆರೆತರೆ ಸಾಣೆ ಹಿಡಿಯುವ ಮುದ್ದೆಯಾಗಿ ಸ್ಪ್ರಾಕೆಟ್ಟಿನ ಹಲ್ಲು ತಿನ್ನುತ್ತದೆ. ಹಳ್ಳಿಗಳ ಮೆಚ್ಚಿನ ಸ್ಪ್ಲೆಂಡರಿಗೆ ಚೈನ್ ಪೂರ್ತಿ ಮುಚ್ಚುವ ಕವರ್ ಇದೆ. ಮುಚ್ಚಿದೆ ಎಂಬ ನಂಬಿಕೆಯಲ್ಲಿ ಒಳಗೆ ಕೂತ ಕೆಸರನ್ನು ವರ್ಷಗಟ್ಟಲೆ ಯಾರೂ ನೋಡುವುದಿಲ್ಲ.

ಮನೆಯಲ್ಲಿ ತೊಳೆಯುವಾಗ ಮೊದಲು ಕೈಬಿಡಬೇಕಾದದ್ದು ಪೆಟ್ರೋಲ್. ಅದರ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಓ-ರಿಂಗ್ ಚೈನಿನ ರಬ್ಬರ್ ಬಳೆಗಳನ್ನೂ ಹಾಳುಮಾಡುತ್ತದೆ. ಚಿಮಣಿ ಎಣ್ಣೆ ಅಷ್ಟು ಅಪಾಯವಲ್ಲ ಎಂಬುದು ಸಾಮಾನ್ಯ ನಂಬಿಕೆ, ತಂಪು ಊರಿನಲ್ಲಿ ಅದು ನಿಜವೂ ಹೌದು. ಆದರೆ ಅದರ ಆವಿ ಹೊತ್ತಿಕೊಳ್ಳುವ ಮಟ್ಟ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದಲೇ ಶುರು. ಇಂಡಿ, ಸಿಂದಗಿಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಮಧ್ಯಾಹ್ನ, ಬಿಸಿ ಎಂಜಿನ್ನಿನ ಪಕ್ಕ, ಬೀಡಿ ಸೇದುತ್ತ ಚಿಮಣಿ ಎಣ್ಣೆಯಲ್ಲಿ ಚೈನ್ ತಿಕ್ಕುವವರು ಬೆಂಕಿಯ ಪಕ್ಕದಲ್ಲೇ ಕೂತಿರುತ್ತಾರೆ.

ಅದಕ್ಕಿಂತ ನೀರಿನಲ್ಲಿ ಬೆರೆಯುವ ಡಿಗ್ರೀಸರ್ ಒಳ್ಳೆಯದು. ಅದರ ಕಣದ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಜಿಡ್ಡು ಹನಿಹನಿಯಾಗಿ ಲೋಹ ಬಿಟ್ಟು ಏಳುತ್ತದೆ. ಈ ಕೆಲಸಕ್ಕೆ ಹೊತ್ತು ಬೇಕು. ಎಂಜಿನ್ ಪೂರ್ತಿ ತಣಿದ ಮೇಲೆ, ನೆರಳಿನಲ್ಲಿ, ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಶುರು ಮಾಡಬೇಕು. ಒಣಗಿದ ಎರಿ ಮಣ್ಣನ್ನು ಕೆರೆದರೆ ಬಣ್ಣ ಗೀರುತ್ತದೆ. ಒದ್ದೆ ಗೋಣಿಚೀಲ ಹೊದಿಸಿಟ್ಟರೆ ತಾನೇ ಮೆತ್ತಗಾಗಿ ಉದುರುತ್ತದೆ. ಆಮೇಲೆ ಡಿಗ್ರೀಸರ್ ಹಚ್ಚಿ ಐದು ನಿಮಿಷ ಬಿಟ್ಟು, ಅದು ಒಣಗುವ ಮುನ್ನ ಬ್ರಷ್ ಆಡಿಸಬೇಕು. ಕಾಸ್ಟಿಕ್ ಬೆರೆತ ಕಡು ಕ್ಷಾರದ ದ್ರಾವಣ ಅಲ್ಯೂಮಿನಿಯಂ ಎಂಜಿನ್ ಕವಚವನ್ನು ಮಂಕು ಮಾಡುತ್ತದೆ, ಅದು ಬೇಡ. ಚೈನಿನ ಕೆಲಸಕ್ಕೆ ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಚಾಲೂ ಇಟ್ಟು, ಗಿಯರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವುದು ಬೆರಳು ಕಳೆದುಕೊಳ್ಳುವ ದಾರಿ. ಡಿಸ್ಕ್ ಬ್ರೇಕಿಗೆ ಒಂದು ಹನಿ ಎಣ್ಣೆಯೂ ಸಿಡಿಯಬಾರದು.

ಕೊನೆಗೆ ಒರೆಸುವುದು. ಈ ತಾಲ್ಲೂಕುಗಳ ಎಷ್ಟೋ ಬೋರ್‌ವೆಲ್‌ಗಳದು ಸವುಳು ನೀರು; ತಾನಾಗಿ ಆರಲು ಬಿಟ್ಟರೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ, ಒದ್ದೆ ಚೈನ್ ಬೇಗ ತುಕ್ಕು ಹಿಡಿಯುತ್ತದೆ. ಬಟ್ಟೆಯಿಂದ ಒರೆಸಿ, ಚೈನ್ ಒಣಗಿದ ಮೇಲೆ ಹೊಸ ಎಣ್ಣೆ ಬಿಟ್ಟರೆ ಕೆಲಸ ಮುಗಿಯಿತು.

ವಾಟರ್ ಸರ್ವಿಸಿಂಗ್ ಅಂಗಡಿಗೆ ಒಯ್ದರಾಯಿತಲ್ಲ ಎನ್ನುವವರಿದ್ದಾರೆ. ಪ್ರೆಷರ್ ಪಂಪಿನ ಧಾರೆ ಗಾಲಿಯ ಬೇರಿಂಗಿನ ಗ್ರೀಸನ್ನು ಹೊರದೂಡಿ ನೀರನ್ನು ಒಳಗೆ ಕೂರಿಸಬಲ್ಲದು. ಅದಕ್ಕಿಂತ ದೊಡ್ಡ ಪ್ರಶ್ನೆ ಬೋರ್‌ವೆಲ್ ನೀರಿನದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತು. ಕಾವೇರಿ ನೀರು ಬರುವ ರಾಜಧಾನಿಗೇ ಆ ಗತಿಯಾದರೆ ಬರ ಕಂಡೇ ಬೆಳೆದ ಜಿಲ್ಲೆ ಆದೇಶಕ್ಕಾಗಿ ಕಾಯಬೇಕಿಲ್ಲ.

ಇಂಡಿಗೆ ಇದರಲ್ಲಿ ತನ್ನದೇ ಒಂದು ಅವಕಾಶವಿದೆ. ಲಿಂಬೆ, ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯೆಣ್ಣೆಯಲ್ಲಿರುವ ಲಿಮೊನೀನ್ ಜಿಡ್ಡು ಕರಗಿಸುವ ವಸ್ತು. ಜಗತ್ತಿನ ಹಲವೆಡೆ ಡಿಗ್ರೀಸರ್‌ಗಳಲ್ಲಿ ಅದನ್ನು ಬಳಸುತ್ತಾರೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ಇಂಡಿಯಲ್ಲೇ. ಮಳೆಗಾಲದಲ್ಲಿ ದರ ಕುಸಿದು ಹಣ್ಣಿಗೆ ಕೇಳುವವರಿಲ್ಲದಾಗ ಸಿಪ್ಪೆಯಿಂದ ಎಣ್ಣೆ ತೆಗೆಯುವ ಸಣ್ಣ ಘಟಕವೊಂದು ಬೆಳೆಗಾರನಿಗೂ ಗ್ಯಾರೇಜಿಗೂ ಆಸರೆಯಾದೀತು. ಮಂಡಳಿ ಇದನ್ನು ಗಂಭೀರವಾಗಿ ಪರಿಶೀಲಿಸಬೇಕು. ಮನೆಯಲ್ಲಿ ಲಿಂಬೆಹೋಳನ್ನೇ ಚೈನಿಗೆ ಉಜ್ಜುವುದು ಮಾತ್ರ ತಪ್ಪು. ರಸದ ಆಮ್ಲ ತುಕ್ಕು ತರಿಸುತ್ತದೆ.

ಪರಾತದಲ್ಲಿ ಉಳಿದ ಕರಿ ನೀರು ಎಲ್ಲಿಗೆ ಹೋಗಬೇಕು? ತಿಳಿಯಾಗಲು ಬಿಟ್ಟು, ತಳದ ಕೆಸರನ್ನೂ ಮೇಲಿನ ಎಣ್ಣೆಯನ್ನೂ ಮರದ ಹೊಟ್ಟಿಗೆ ಹೀರಿಸಿ ಬೇರೆಯಾಗಿ ಕಟ್ಟಿಡಬಹುದು. ಅಲ್ಲಿಂದಾಚೆ ಮನೆಯವರ ಕೈಯಲ್ಲಿ ಏನೂ ಇಲ್ಲ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುತ್ತದೆ. ಅದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾನೂನಿನ ಈ ಕೈ ಸಿಂದಗಿಯ ಗ್ಯಾರೇಜಿನ ಬಾಗಿಲವರೆಗೆ ಚಾಚಬೇಕಾದರೆ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಈ ನಾಲ್ಕೂ ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಗ್ಯಾರೇಜ್ ಸಾಲುಗಳಲ್ಲಿ ಮುಚ್ಚಳವಿರುವ ಡ್ರಮ್ ಇಡಬೇಕು, ನೋಂದಾಯಿತ ಮರುಬಳಕೆದಾರರಿಂದ ಅದನ್ನು ಎತ್ತಿಸಬೇಕು, ಹಬ್ಬದ ವಾರ ಕಾಲುವೆ ದಂಡೆಯಲ್ಲಿ ಒಬ್ಬ ಸಿಬ್ಬಂದಿಯನ್ನು ನಿಲ್ಲಿಸಬೇಕು. ಮುಂದಿನ ಖಂಡೆ ಪೂಜೆಯೊಳಗೆ ಇಷ್ಟನ್ನೂ ಮಾಡಲು ಸಾಧ್ಯವಿದೆ.