ಗುಂಪಿಗೆ ಸೇರದ ಸವಾರ

ಸೈಕಲ್ ರೇಸಿನವರು ಒತ್ತೊತ್ತಾಗಿ ಗುಂಪು ಕಟ್ಟಿಕೊಂಡು ಹೋಗುವುದು ಸ್ನೇಹಕ್ಕಲ್ಲ, ಗಾಳಿಗೆ ಹೆದರಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸವಾರನ ಬಹುಪಾಲು ಶಕ್ತಿ ಎದುರುಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದೊಬ್ಬನಿದ್ದರೆ ಅವನ ಬೆನ್ನ ಮರೆಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ಮೂರು ವಾರಗಳ ಕಾಲ, ಸುಮಾರು ಮೂರೂವರೆ ಸಾವಿರ ಕಿಲೋಮೀಟರ್ ದೂರ, ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳನ್ನು ಹತ್ತಿಳಿದು ಸಾಗುವ ‘ಟೂರ್ ಡಿ ಫ್ರಾನ್ಸ್’ನಲ್ಲಿ ಗುಂಪು ಯಾರನ್ನಾದರೂ ಹೊರಗಿಟ್ಟರೆ ಅವನ ಕಥೆ ಮುಗಿದಂತೆಯೇ. 1999ರ ಜುಲೈನಲ್ಲಿ 25 ವರ್ಷದ ಫ್ರೆಂಚ್ ಸವಾರ ಕ್ರಿಸ್ಟೋಫ್ ಬಾಸೋನ್ಸ್‌ಗೆ ಆದದ್ದು ಇದೇ. ಆತ ಮಾಡಿದ ಅಪರಾಧ ಇಷ್ಟು: ಕಳ್ಳ ಚುಚ್ಚುಮದ್ದು ತೆಗೆದುಕೊಳ್ಳಲಿಲ್ಲ, ಉಳಿದವರು ತೆಗೆದುಕೊಳ್ಳುತ್ತಾರೆಂಬುದನ್ನು ಮುಚ್ಚಿಡಲೂ ಇಲ್ಲ.

ಚುಚ್ಚುಮದ್ದಿನ ಹೆಸರು ಎರಿಥ್ರೊಪೊಯೆಟಿನ್, ಚಿಕ್ಕದಾಗಿ ಇಪಿಒ. ವಾಸ್ತವವಾಗಿ ಇದು ವಿಷವಲ್ಲ, ನಮ್ಮೆಲ್ಲರ ಮೂತ್ರಪಿಂಡಗಳು ತಯಾರಿಸುವ ಹಾರ್ಮೋನು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ‘ಕೆಂಪು ಕಣ ಹೆಚ್ಚಿಸು’ ಎಂದು ಮೂಳೆಯೊಳಗಿನ ಮಜ್ಜೆಗೆ ಇದು ಸುದ್ದಿ ಮುಟ್ಟಿಸುತ್ತದೆ. ಎತ್ತರದ ಬೆಟ್ಟದೂರುಗಳಲ್ಲಿ ಬದುಕುವವರ ರಕ್ತದಲ್ಲಿ ಕೆಂಪು ಕಣ ಹೆಚ್ಚಿರುವುದಕ್ಕೂ ಇದೇ ಕಾರಣ. ಮೂತ್ರಪಿಂಡ ಕೆಟ್ಟವರಲ್ಲಿ ಈ ಹಾರ್ಮೋನು ಬತ್ತಿಹೋಗಿ ರಕ್ತಹೀನತೆ ಕಾಡುತ್ತದೆ. ಅಂಥವರಿಗೆಂದು ಕೃತಕ ಇಪಿಒಗೆ 1989ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರು, ಹುಬ್ಬಳ್ಳಿಗಳ ಡಯಾಲಿಸಿಸ್ ರೋಗಿಗಳಿಗೂ ಇಂದು ಅದೇ ಮದ್ದು. ಮೆಟ್ಟಿಲು ಹತ್ತಲಾಗದ ರೋಗಿಯನ್ನು ಎಬ್ಬಿಸಿ ನಡೆಸುವ ಔಷಧ, ಬೆಟ್ಟ ಹತ್ತುವ ಗಟ್ಟಿಗನಿಗೆ ಏನು ಮಾಡೀತು ಎಂದು ಯಾರಿಗೋ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಕೆಂಪು ಕಣ ಹೆಚ್ಚಿದರೆ ಮಾಂಸಖಂಡಗಳಿಗೆ ಆಮ್ಲಜನಕ ಹೆಚ್ಚು, ದಣಿವು ನಿಧಾನ. ಆದರೆ ಅದೇ ರಕ್ತ ಮಂದವಾಗುತ್ತದೆ, ಹೆಪ್ಪುಗಟ್ಟುವ ಅಪಾಯವಿರುತ್ತದೆ. ನಿದ್ದೆಯಲ್ಲಿ ನಾಡಿ ನಿಧಾನವಾದಾಗ ಹೃದಯವೇ ನಿಂತೀತೆಂಬ ಭಯದಿಂದ ಸವಾರರು ನಡುರಾತ್ರಿ ಎದ್ದು ವ್ಯಾಯಾಮ ಮಾಡುತ್ತಿದ್ದರೆಂದು ಆ ಕಾಲದ ವರದಿಗಳು ಹೇಳುತ್ತವೆ.

ಇಪಿಒವನ್ನು ಪತ್ತೆ ಹಚ್ಚುವ ಪರೀಕ್ಷೆ 2000ದವರೆಗೆ ಇರಲೇ ಇಲ್ಲ. ಆದ್ದರಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1997ರಲ್ಲಿ ಒಂದು ಬಳಸುದಾರಿ ಹಿಡಿಯಿತು. ಆರೋಗ್ಯವಂತ ಗಂಡಸಿನ ರಕ್ತದಲ್ಲಿ ಕೆಂಪು ಕಣಗಳ ಪಾಲು ಸಾಮಾನ್ಯವಾಗಿ ಶೇಕಡ 40ರಿಂದ 50. ಐವತ್ತನ್ನು ದಾಟಿದವನು 15 ದಿನ ಮನೆಯಲ್ಲಿರಲಿ ಎಂದಿತು ಒಕ್ಕೂಟ. ಅದನ್ನು ಶಿಕ್ಷೆಯೆಂದು ಕರೆಯುವ ಧೈರ್ಯವೂ ಆಗಲಿಲ್ಲ; ಆರೋಗ್ಯ ತಪಾಸಣೆ ಎಂದಿತು. ಪರಿಣಾಮ? ಮಿತಿಯೇ ಗುರಿಯಾಯಿತು! ಪುಟ್ಟ ಯಂತ್ರದಲ್ಲಿ ರಕ್ತ ತಿರುಗಿಸಿ ನೋಡಿಕೊಂಡು, 49ರ ಆಸುಪಾಸಿಗೆ ತಂದು ನಿಲ್ಲಿಸುವ ಕಲೆ ತಂಡಗಳಿಗೆ ಕರಗತವಾಯಿತು. ಎಲ್ಲರೂ ತೆಗೆದುಕೊಂಡರೆ ಎಲ್ಲರೂ ಸಮಾನರಾಗುತ್ತಾರಲ್ಲ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಲೆಕ್ಕ ಹಾಗಿಲ್ಲ. ಹುಟ್ಟಿನಿಂದಲೇ 48 ಇದ್ದವನಿಗೆ ಸಿಗುವುದು ಒಂದೆರಡು ಅಂಶ. 40 ಇದ್ದವನಿಗೆ ಒಂಬತ್ತು. ತಾಲೀಮು, ಗುಂಡಿಗೆ, ಕಾಲು ಎಲ್ಲ ಹಿಂದಕ್ಕೆ ಸರಿದು, ಯಾರ ದೇಹಕ್ಕೆ ಮದ್ದು ಚೆನ್ನಾಗಿ ಒಗ್ಗುತ್ತದೆಯೋ, ಯಾರ ವೈದ್ಯ ಹೆಚ್ಚು ಚಾಲಾಕಿಯೋ ಅವನು ಗೆಲ್ಲುತ್ತಾನೆ.

1998ರ ಜುಲೈ 8ರಂದು, ಟೂರ್ ಆರಂಭಕ್ಕೆ ಮೂರೇ ದಿನವಿದ್ದಾಗ, ಬೆಲ್ಜಿಯಂ ಗಡಿಯಲ್ಲಿ ಫ್ರೆಂಚ್ ಕಸ್ಟಮ್ಸ್‌ನವರು ಫೆಸ್ಟಿನಾ ತಂಡದ ಕಾರೊಂದನ್ನು ತಡೆದರು. ಅದನ್ನು ಓಡಿಸುತ್ತಿದ್ದವನು ತಂಡದ ಮಾಲೀಸಿನವ ವಿಲ್ಲಿ ವೋಟ್. ಒಳಗೆ ಇಪಿಒ, ಬೆಳವಣಿಗೆಯ ಹಾರ್ಮೋನು ಇತ್ಯಾದಿಗಳ ಭಂಡಾರ. ತಂಡವನ್ನು ಟೂರಿನಿಂದ ಹೊರಹಾಕಲಾಯಿತು, ಸವಾರರು ಪೊಲೀಸರ ಮುಂದೆ ಬಾಯಿ ಬಿಟ್ಟರು. ಅದೇ ತಂಡದಲ್ಲಿದ್ದ ಬಾಸೋನ್ಸ್ ಮಾತ್ರ ಔಷಧ ಮುಟ್ಟುವವನಲ್ಲ ಎಂದು ಸಾಕ್ಷಿ ನುಡಿದವರು ಅವನ ಜೊತೆಗಾರರೇ. ಜನ ಆತನಿಗೆ ‘ಮಿಸ್ಯೂ ಪ್ರೋಪ್ರ್’ ಎಂದು ಹೆಸರಿಟ್ಟರು. ‘ಶುಭ್ರ ಮಹಾಶಯ’ ಎಂದಾಗುತ್ತದೆ. ನೆಲ ತೊಳೆಯುವ ದ್ರವವೊಂದರ ಹೆಸರೂ ಹೌದು. ಪತ್ರಿಕೆಗಳು ಮೆಚ್ಚಿ ಕರೆದರೂ ಸವಾರರ ಬಾಯಲ್ಲಿ ಅದು ನಮ್ಮಲ್ಲಿ ‘ಮಡಿವಂತ’ ಎಂದು ಕೊಂಕು ನುಡಿದಂತೆ ಕೇಳಿಸುತ್ತಿತ್ತು.

ಮರುವರ್ಷದ ಟೂರನ್ನು ನವೀಕರಣದ ಟೂರ್ ಎಂದು ಸಾರಲಾಯಿತು. ಬೇರೆ ತಂಡ ಸೇರಿದ್ದ ಬಾಸೋನ್ಸ್ ಸ್ಪರ್ಧಿಸುತ್ತಲೇ ‘ಲೆ ಪರಿಸಿಯನ್’ ಪತ್ರಿಕೆಗೆ ಅಂಕಣ ಬರೆಯುತ್ತಿದ್ದ. ಎಲ್ಲರೂ ಔಷಧ ಬಿಟ್ಟರೆಂದು ಹೇಳುತ್ತಿದ್ದರೂ ವೇಗ ಮಾತ್ರ ಇಳಿದಿರಲಿಲ್ಲ. ಟೂರಿನ ಇತಿಹಾಸದಲ್ಲಿ ವಿಜೇತನ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್ ದಾಟಿದ್ದು ಮೊದಲ ಬಾರಿಗೆ ಆ ವರ್ಷವೇ! ಬಾಸೋನ್ಸ್ ತನ್ನ ಅನುಮಾನವನ್ನು ಬರೆದ. ಸವಾರರು ಮಾತು ಬಿಟ್ಟರು, ಸ್ವಂತ ತಂಡದವರು ಕೂಡ.

ಜುಲೈ 14, ಆಲ್ಪ್ ಡುಯೆಜ್ ಬೆಟ್ಟದ ದಿನ. ಮೊದಲರ್ಧ ನಿಧಾನವಾಗಿ ಹೋಗೋಣವೆಂದು ಗುಂಪು ಒಳಗೊಳಗೇ ಮಾತಾಡಿಕೊಂಡಿತ್ತು, ಬಾಸೋನ್ಸ್‌ಗೆ ಯಾರೂ ಹೇಳಿರಲಿಲ್ಲ. ಆತ ಮುಂದೆ ನುಗ್ಗಿದ. ಇಡೀ ಗುಂಪು ಬೆನ್ನಟ್ಟಿ ಹಿಡಿಯಿತು. ಹಳದಿ ಅಂಗಿಯ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಪಕ್ಕಕ್ಕೆ ಬಂದ. ಕ್ಯಾನ್ಸರನ್ನು ಜಯಿಸಿ ಬಂದ ಅಮೆರಿಕನ್, ಅಂದಿನ ಜಗತ್ತಿನ ಕಣ್ಮಣಿ. ನೀನು ಹೀಗೆಲ್ಲ ಮಾತಾಡುವುದು ಸೈಕ್ಲಿಂಗಿಗೆ ಒಳ್ಳೆಯದಲ್ಲ ಎಂದ. ಮುಂದಿನ ಪೀಳಿಗೆಯ ಹುಡುಗರಿಗಾಗಿ ಮಾತಾಡುತ್ತಿದ್ದೇನೆ ಎಂದ ಬಾಸೋನ್ಸ್. ಹಾಗಾದರೆ ಮನೆಗೆ ಹೋಗು ಎಂಬ ಉತ್ತರ ಬಂತು. ಎರಡು ದಿನದೊಳಗೆ ಬಾಸೋನ್ಸ್ ನಿಜಕ್ಕೂ ಮನೆಗೆ ಹೋದ. ಮೈ ಸೋತಿರಲಿಲ್ಲ, ಮನಸ್ಸು ಸೋತಿತ್ತು. 2001ರಲ್ಲಿ ವೃತ್ತಿಯನ್ನೇ ಬಿಟ್ಟ.

ಆರ್ಮ್‌ಸ್ಟ್ರಾಂಗ್ ಏಳು ಟೂರ್ ಗೆದ್ದ. ಅಮೆರಿಕದ ಉದ್ದೀಪನ ಔಷಧ ನಿಗ್ರಹ ಸಂಸ್ಥೆ 2012ರಲ್ಲಿ ಆತನಿಗೆ ಆಜೀವ ನಿಷೇಧ ಹೇರಿತು. ಏಳೂ ಪ್ರಶಸ್ತಿಗಳು ಹೋದವು. 2013ರ ಜನವರಿಯಲ್ಲಿ ಟಿವಿಯಲ್ಲಿ ತಪ್ಪೊಪ್ಪಿಕೊಂಡ. ಎರಡನೆಯ ಸ್ಥಾನದವರಿಗೆ ಪ್ರಶಸ್ತಿ ಕೊಡೋಣವೆಂದರೆ ಅವರಲ್ಲೂ ಹಲವರಿಗೆ ಮಸಿ ಮೆತ್ತಿತ್ತು. ಹಾಗಾಗಿ 1999ರಿಂದ 2005ರವರೆಗಿನ ವಿಜೇತರ ಜಾಗ ದಾಖಲೆಯಲ್ಲಿ ಖಾಲಿ ಉಳಿದಿದೆ. ಪರೀಕ್ಷೆಗಳು ಈಗ ಚುರುಕಾಗಿವೆ: 2008ರಿಂದ ಪ್ರತಿ ಸವಾರನ ರಕ್ತದ ಏರಿಳಿತವನ್ನು ವರ್ಷಗಟ್ಟಲೆ ದಾಖಲಿಸಿಡುವ ‘ಜೈವಿಕ ಪಾಸ್‌ಪೋರ್ಟ್’ ಇದೆ. ಬೇಕೆಂದೇ ಮದ್ದು ಬಳಸಿದವನಿಗೆ ಮೊದಲ ಸಲವೇ ನಾಲ್ಕು ವರ್ಷ ನಿಷೇಧ.

ಬಾಸೋನ್ಸ್ ಮುಂದೆ ಫ್ರಾನ್ಸಿನ ಕ್ರೀಡಾ ಇಲಾಖೆ ಸೇರಿ, ಉದ್ದೀಪನ ಔಷಧ ತಡೆಯುವ ಕೆಲಸಕ್ಕೇ ನಿಂತ. 2012ರಲ್ಲಿ ಹವ್ಯಾಸಕ್ಕೆಂದು ಬೆಟ್ಟದ ಸೈಕಲ್ ಸ್ಪರ್ಧೆಯೊಂದಕ್ಕೆ ಹೋಗಿದ್ದವನು, ದಣಿದು ಅರ್ಧಕ್ಕೇ ಬಿಟ್ಟು ಮನೆಯ ದಾರಿ ಹಿಡಿದ. ಪರೀಕ್ಷೆಗೆ ಬರಬೇಕೆಂದು ಕರೆ ಬಂದಾಗ ಹಿಂದಿರುಗಲಾಗದಷ್ಟು ದೂರ ಹೋಗಿದ್ದ. ಪರೀಕ್ಷೆ ತಪ್ಪಿಸಿದ ಆರೋಪದ ಮೇಲೆ ಫ್ರೆಂಚ್ ಒಕ್ಕೂಟ ಆತನಿಗೆ ಒಂದು ವರ್ಷದ ನಿಷೇಧ ವಿಧಿಸಿತು. ಮೇಲ್ಮನವಿಯ ನಂತರ ಅದು ಒಂದು ತಿಂಗಳಿಗೆ ಇಳಿಯಿತು.